ಸಾಯುವ ಗಳಿಗೆಯ ಒಂದು ಮಾತು: ಮನುಕುಲನ ಮೊಕದ್ದಮೆ

ಒಬ್ಬ ಮುದುಕ ಹಾಸಿಗೆ ಹಿಡಿದಿದ್ದಾನೆ. ಎದೆಗೆ ಸಾವಿನ ಈಟಿ ತಾಗಿದೆ. ಹಾಸಿಗೆಯ ಕಾಲುಗಳ ಕಡೆ ಒಂದು ಬೀರು ಇದೆ, ಅದು ದುರಾಸೆಯ ಬೀರು. ಅವನು ಬೇಡಿಕೊಂಡರೂ ಗೆಳೆಯರು ಯಾರೂ ಹತ್ತಿರ ಬರಲಿಲ್ಲ. ಆಸ್ತಿಯನ್ನು ಗುರುತು ಪರಿಚಯ ಇಲ್ಲದ ಒಬ್ಬ ಹುಡುಗ ಬಂದು ತನ್ನದು ಎಂದ. ಪಕ್ಕದಲ್ಲಿ ಪಾದ್ರಿ ಇಲ್ಲ. ಪಾಪನಿವೇದನೆ ಮಾಡಲು ಹೊತ್ತೂ ಇಲ್ಲ. ಉಸಿರು ನಿಲ್ಲುವ ಮುಂಚೆ ಮುದುಕ ಇಷ್ಟು ಹೇಳುತ್ತಾನೆ: ಇನ್ನು ಒಂದು ಮಾತೂ ಆಡಲಾರೆ, ದೇವರ ಕರುಣೆಗೆ ನನ್ನನ್ನು ಒಪ್ಪಿಸಿಕೊಂಡಿದ್ದೇನೆ.

ಅಷ್ಟೇ. ಸತ್ತ.

ಇಷ್ಟು ಸಾಕಾ? ಆಯುಷ್ಯವಿಡೀ ಬೇಕಾದ ಹಾಗೆ ಬದುಕಿ, ಕೊನೆಗೆ 'ಕರುಣೆ' ಎಂದು ಒಂದು ಮಾತು ಅಂದರೆ ಸ್ವರ್ಗದ ಬಾಗಿಲು ತೆರೆಯುತ್ತದಾ? ಸುಮಾರು 600 ವರ್ಷಗಳ ಹಿಂದೆ ಇಂಗ್ಲೆಂಡಿನ ಯಾರೋ ಒಬ್ಬ ಕವಿ ಈ ಪ್ರಶ್ನೆಯನ್ನು ಬಯಲಿಗೆ ತಂದು, ಜನರ ನಡುವೆ ನಿಲ್ಲಿಸಿ, ದೇವರ ಎದುರಿಗೇ ವಾದ ಮಾಡಿಸಿದ. ಆ ಮೊಕದ್ದಮೆಯನ್ನು ಇಲ್ಲಿ ಮೊದಲಿನಿಂದ ನೋಡೋಣ.

ಬಯಲು, ಕೋಟೆ, ಸಿಡಿಮದ್ದು

ನಾಟಕದ ಹೆಸರು 'ದಿ ಕ್ಯಾಸಲ್ ಆಫ್ ಪರ್ಸಿವಿಯರೆನ್ಸ್'. ಕೊನೆತನಕ ಪಟ್ಟುಬಿಡದೆ ನಿಲ್ಲುವವರ ಕೋಟೆ ಎಂದು ಅರ್ಥ ಮಾಡಿಕೊಳ್ಳಬಹುದು. ಬರೆದವರು ಯಾರೆಂದು ಹಸ್ತಪ್ರತಿಯಲ್ಲಿ ಇಲ್ಲ. ಬರೆದದ್ದು 15ನೇ ಶತಮಾನದ ಮೊದಲ ಭಾಗದಲ್ಲಿ, ಪೂರ್ವ ಇಂಗ್ಲೆಂಡಿನ ಕಡೆಯ ಭಾಷೆಯಲ್ಲಿ. ಉಳಿದಿರುವುದು ಒಂದೇ ಒಂದು ಪ್ರತಿ. ಅದು 18ನೇ ಶತಮಾನದಲ್ಲಿ ಕಾಕ್ಸ್ ಮ್ಯಾಕ್ರೋ ಎಂಬ ಪಾದ್ರಿಯ ಸಂಗ್ರಹದಲ್ಲಿತ್ತು. ಈಗ ವಾಷಿಂಗ್ಟನ್ನಿನ ಫೋಲ್ಜರ್ ಗ್ರಂಥಾಲಯದಲ್ಲಿದೆ. ಸುಮಾರು 3,600 ಸಾಲು, ಮೂವತ್ತಕ್ಕೂ ಜಾಸ್ತಿ ಪಾತ್ರ.

ಇಂಥ ನಾಟಕಗಳನ್ನು 'ಮೊರಾಲಿಟಿ ಪ್ಲೇ' ಎನ್ನುತ್ತಾರೆ. ಇವುಗಳಲ್ಲಿ ಪಾತ್ರಗಳಿಗೆ ರಾಮ, ಭೀಮ ಅನ್ನುವಂಥ ಹೆಸರು ಇರುವುದಿಲ್ಲ. ದುರಾಸೆ, ಸೋಮಾರಿತನ, ಸಾವು, ಕರುಣೆ, ಹೀಗೆ ಗುಣಗಳೇ ವೇಷ ಹಾಕಿಕೊಂಡು ಬರುತ್ತವೆ. ಇಂಗ್ಲಿಷಿನಲ್ಲಿ ಮಧ್ಯಯುಗದಿಂದ ಉಳಿದುಬಂದ ಇಂಥ ನಾಟಕ ಐದೇ. ಅದರಲ್ಲೂ ಒಂದು ಅರ್ಧಂಬರ್ಧ. ಐದರಲ್ಲಿ 'ಎವ್ರಿಮ್ಯಾನ್' ಜಾಸ್ತಿ ಪ್ರಸಿದ್ಧ, ಪಠ್ಯಗಳಲ್ಲಿ ಎಲ್ಲರಿಗೂ ಸಿಗುವುದು ಅದೇ. ನನಗೆ ಮಾತ್ರ ಈ ಕೋಟೆಯ ನಾಟಕವೇ ಮೇಲು. 'ಎವ್ರಿಮ್ಯಾನ್' ಒಂದು ದಿನದ ಕಥೆ, ಸಾವು ಬಂದು ಕರೆಯುವಲ್ಲಿಂದ ಶುರುವಾಗುತ್ತದೆ. ಇದು ಹುಟ್ಟಿದ ರಾತ್ರಿಯಿಂದ ಶುರುವಾಗಿ, ಸತ್ತ ಮೇಲೂ ಮುಗಿಯುವುದಿಲ್ಲ.

ಹಸ್ತಪ್ರತಿಯ ಕೊನೆಯಲ್ಲಿ ರಂಗದ ಒಂದು ನಕ್ಷೆ ಇದೆ. ಇದು ದೊಡ್ಡ ಭಾಗ್ಯ, ಅಂಥ ಹಳೆಯ ನಕ್ಷೆಗಳು ಸಿಗುವುದೇ ಅಪರೂಪ. ಒಂದು ದುಂಡನೆಯ ಬಯಲು. ನಟ್ಟನಡುವೆ ಕೋಟೆಯ ಗೋಪುರ. ಸುತ್ತ ಐದು ಅಟ್ಟ. ಪೂರ್ವಕ್ಕೆ ದೇವರ ಅಟ್ಟ, ಪಶ್ಚಿಮಕ್ಕೆ ಜಗತ್ತು, ಉತ್ತರಕ್ಕೆ ಬೆಲಿಯಾಲ ಎಂಬ ಸೈತಾನ, ದಕ್ಷಿಣಕ್ಕೆ ಮಾಂಸ, ಅಂದರೆ ದೇಹದ ಆಸೆ. ಈಶಾನ್ಯಕ್ಕೆ ದುರಾಸೆ. ಚರ್ಚು ಎಣಿಸುವ ಏಳು ಮುಖ್ಯ ಪಾಪಗಳಲ್ಲಿ ಉಳಿದ ಆರಕ್ಕೆ ಸ್ವಂತ ಅಟ್ಟ ಇಲ್ಲ, ಅವು ಸೈತಾನನ ಅಥವಾ ಮಾಂಸದ ಆಳುಗಳು. ದುರಾಸೆಗೆ ಮಾತ್ರ ತನ್ನದೇ ಅಟ್ಟ, ಅದೂ ದೇವರ ಪಕ್ಕದಲ್ಲೇ. ಕವಿಯ ಮನಸ್ಸಿನಲ್ಲಿ ಮುಖ್ಯ ಖಳ ಯಾರು ಎಂಬುದು ನಕ್ಷೆಯಲ್ಲೇ ಗೊತ್ತಾಗುತ್ತದೆ.

ನಕ್ಷೆಯ ಮೇಲೆ ಸೂಚನೆಗಳೂ ಇವೆ. ಸಾಧ್ಯವಾದರೆ ಸುತ್ತ ಕಂದಕ ತೋಡಿ ನೀರು ಬಿಡಿ, ಆಗದಿದ್ದರೆ ಗಟ್ಟಿಯಾಗಿ ಬೇಲಿ ಹಾಕಿ. ಜನರನ್ನು ನೋಡಿಕೊಳ್ಳುವವರು ಒಳಗೆ ತೀರಾ ಜಾಸ್ತಿ ಇರಬಾರದು. ಸೈತಾನನ ವೇಷದವನು ಯುದ್ಧಕ್ಕೆ ಹೋಗುವಾಗ ಕೈಯಲ್ಲಿ, ಕಿವಿಯಲ್ಲಿ ಮತ್ತು ಕುಂಡೆಯಲ್ಲಿ ಕೊಳವೆ ಸಿಕ್ಕಿಸಿಕೊಂಡು ಸಿಡಿಮದ್ದು ಉರಿಸಿಕೊಂಡು ಹೋಗಬೇಕು. ಇದು ನನ್ನ ತಮಾಷೆ ಅಲ್ಲ, ಹಾಗೇ ಬರೆದಿದೆ. ಮೋಕ್ಷದ ಪಾಠ ಹೇಳುವ ನಾಟಕ ಎಂದ ತಕ್ಷಣ ಸಪ್ಪೆ ಉಪದೇಶ ಎಂದುಕೊಳ್ಳುವವರು ಈ ಸಾಲನ್ನು ಒಮ್ಮೆ ನೆನಪಿಸಿಕೊಳ್ಳಬೇಕು.

ಕಂದಕ ಎಲ್ಲಿತ್ತು ಎಂಬುದೇ ಒಂದು ಜಗಳ. ಪ್ರೇಕ್ಷಕರೂ ಅಟ್ಟಗಳೂ ಸೇರಿ ಇಡೀ ಬಯಲನ್ನು ಅದು ಸುತ್ತುವರಿದಿತ್ತು ಎಂದು 1957ರಲ್ಲಿ ರಂಗ ಇತಿಹಾಸಕಾರ ರಿಚರ್ಡ್ ಸದರ್ನ್ ವಾದಿಸಿದರು. ಇಲ್ಲ, ಅದು ಕೋಟೆಯ ಸುತ್ತ ಮಾತ್ರ ಇತ್ತು ಎಂದು ಆಮೇಲಿನವರು ಹೇಳಿದರು. ಆ ಜಗಳ ಹಾಗಿರಲಿ. ಇಲ್ಲಿ ನಮಗೆ ಬೇಕಾದ ಸೂಚನೆ ಇನ್ನೊಂದು. ಶುರುವಿನಲ್ಲಿ ಕಂಡ ಆ ಮುದುಕನ ಹೆಸರು ಮನುಕುಲ, ಅವನ ಹಾಸಿಗೆ ಕೋಟೆಯ ಕೆಳಗೆ ಇರಬೇಕು. ಆ ಹಾಸಿಗೆಯ ಅಡಿಯಲ್ಲಿ ಅವನ ಆತ್ಮದ ಪಾತ್ರಧಾರಿ, ತನ್ನ ಸರದಿ ಬರುವ ತನಕ, ಮಲಗಿರಬೇಕು.

ಯೋಚಿಸಿ ನೋಡಿ. ಹುಟ್ಟು, ಕುಣಿತ, ಕೋಟೆಯ ಯುದ್ಧ, ಮುಪ್ಪು, ಎಲ್ಲ ಮುಗಿಯುವ ತನಕ ಒಬ್ಬ ನಟ ಮಂಚದ ಕೆಳಗೆ ಸುಮ್ನೆ ಬಿದ್ದಿರಬೇಕು. ಮೇಲಿನವನು ಅದನ್ನು ಮರೆತೇಬಿಟ್ಟಿರುತ್ತಾನೆ. ಆತ್ಮದ ಬಗ್ಗೆ ಇದಕ್ಕಿಂತ ಚೆನ್ನಾದ ಪ್ರವಚನ ಯಾವ ಪಾದ್ರಿ ಮಾಡಿಯಾನು?

ಆರೋಪಿಯ ಪೂರ್ವಚರಿತ್ರೆ

ಆರೋಪಿಯ ಹೆಸರು ಲ್ಯಾಟಿನ್ನಿನಲ್ಲಿ 'ಹ್ಯೂಮಾನುಮ್ ಗೇನುಸ್', ಮನುಕುಲ. ಇಡೀ ಮಾನವ ಜಾತಿಯ ಹೆಸರು, ಆದರೆ ರಂಗದ ಮೇಲೆ ಒಬ್ಬನೇ ಮನುಷ್ಯ. ಈಗತಾನೇ ತಾಯಿಯ ಹೊಟ್ಟೆಯಿಂದ ಬಂದೆ, ಮೈಮೇಲೆ ಬಟ್ಟೆ ಇಲ್ಲ, ಎಲ್ಲಿಗೆ ಹೋಗಲಿ ತಿಳಿಯದು ಎಂದು ಅಳುತ್ತಾ ಬರುತ್ತಾನೆ. ಬಲಕ್ಕೆ ಒಳ್ಳೆಯ ದೂತ, ಎಡಕ್ಕೆ ಕೆಟ್ಟ ದೂತ. ಇಬ್ಬರೂ ಎಳೆಯುತ್ತಾರೆ. ಹುಡುಗ ಸ್ವಲ್ಪ ಹೊತ್ತು ಹಿಂದೆ ಮುಂದೆ ನೋಡಿ ಕೆಟ್ಟ ದೂತನ ಹಿಂದೆ ಹೋಗುತ್ತಾನೆ. ಜಗತ್ತು ಅವನಿಗೆ ಒಳ್ಳೆ ಬಟ್ಟೆ ಕೊಡುತ್ತದೆ, ದುರಾಸೆಯ ಅಟ್ಟಕ್ಕೆ ಕಳಿಸುತ್ತದೆ. ಅಲ್ಲಿ ಏಳೂ ಪಾಪಗಳ ಪರಿಚಯವಾಗುತ್ತದೆ.

ಈ ಭಾಗದಲ್ಲಿ ಪಾಪನಿವೇದನೆಯ ಪಾತ್ರ ಬಂದು ಅವನನ್ನು ಕರೆದಾಗ ನಡೆಯುವ ಮಾತು ನನಗೆ ಬಹಳ ಇಷ್ಟ. ಮನುಕುಲ ಏಳುವುದಿಲ್ಲ. ನೀನು ತೀರಾ ಬೇಗ ಬಂದೆ, ಈಗ ನನಗೆ ಬೇರೆ ಕೆಲಸ ಇದೆ, ಗುಡ್ ಫ್ರೈಡೇ ದಿನ ಬಾ ನೋಡೋಣ ಎನ್ನುತ್ತಾನೆ. ಸುಮ್ನೆ ನಗುವ ಮಾತಲ್ಲ ಇದು. 1215ರಲ್ಲಿ ನಡೆದ ಚರ್ಚಿನ ನಾಲ್ಕನೇ ಲ್ಯಾಟರನ್ ಮಹಾಸಭೆ, ಪ್ರತಿಯೊಬ್ಬ ಕ್ರೈಸ್ತನೂ ವರ್ಷಕ್ಕೆ ಒಮ್ಮೆಯಾದರೂ ಪಾದ್ರಿಯ ಮುಂದೆ ಪಾಪ ಹೇಳಿಕೊಳ್ಳಬೇಕು, ಈಸ್ಟರಿನಲ್ಲಿ ಪ್ರಸಾದ ಸ್ವೀಕರಿಸಬೇಕು ಎಂದು ವಿಧಿಸಿತ್ತು. ಹಾಗಾಗಿ ಈಸ್ಟರಿಗೆ ಎರಡು ದಿನ ಮುಂಚೆ ಓಡಿಬಂದು ಕೆಲಸ ಮುಗಿಸುವವರು ಎಲ್ಲ ಊರಲ್ಲೂ ಇದ್ದರು. ಬಯಲಲ್ಲಿ ಕೂತಿದ್ದವರಲ್ಲಿ ಎಷ್ಟೋ ಜನ ಪಕ್ಕದವರ ಮುಖ ನೋಡಿರಬೇಕು.

ಪಾಪನಿವೇದನೆ ಬಿಡದೆ ಹೇಳಿದಾಗ ಅವನ ಉತ್ತರ ಇನ್ನೂ ಮಜವಾಗಿದೆ. ನಾವೆಲ್ಲರೂ ಬೆಳ್ಳುಳ್ಳಿ ತಿಂದವರೇ ತಾನೆ, ನರಕಕ್ಕೆ ಹೋದರೂ ಒಬ್ಬನೇ ಹೋಗುವುದಿಲ್ಲ ಬಿಡು, ಎನ್ನುತ್ತಾನೆ. ಎಲ್ಲರ ಬಾಯೂ ನಾರುವಾಗ ನನ್ನ ಬಾಯಿಯನ್ನು ಯಾರು ಮೂಸುತ್ತಾರೆ ಎಂಬ ಧೈರ್ಯ.

ಆಗ ಪ್ರಾಯಶ್ಚಿತ್ತ ತನ್ನ ಈಟಿಯಿಂದ ಅವನ ಎದೆಯನ್ನು ಚುಚ್ಚುತ್ತದೆ. ಮನುಕುಲ ಅಳುತ್ತಾನೆ, ಪಾಪ ಹೇಳಿಕೊಳ್ಳುತ್ತಾನೆ, ಕ್ಷಮೆ ಪಡೆಯುತ್ತಾನೆ, ಕೋಟೆಯೊಳಗೆ ಹೋಗುತ್ತಾನೆ. ನಮ್ಮ ಮೊಕದ್ದಮೆಗೆ ಇದು ಮುಖ್ಯ ಸಾಕ್ಷಿ: ಈ ಮನುಷ್ಯನಿಗೆ ದಾರಿ ಗೊತ್ತಿಲ್ಲದೆ ಇರಲಿಲ್ಲ. ಒಮ್ಮೆ ಸರಿಯಾದ ಕ್ರಮದಲ್ಲೇ ನಡೆದಿದ್ದ.

ಕೋಟೆಯಲ್ಲಿ ಏಳು ಸದ್ಗುಣಗಳು ಅವನನ್ನು ಕಾಯುತ್ತವೆ. ಪಾಪಗಳು ಮುತ್ತಿಗೆ ಹಾಕುತ್ತವೆ. ಸೋಮಾರಿತನ ಸಲಿಕೆ ಹಿಡಿದು ಕಂದಕದ ನೀರನ್ನು ಹೊರಗೆ ಬಿಡಲು ಅಗೆಯುತ್ತದೆ. ಸೋಮಾರಿ ಅಗೆಯುವ ಕೆಲಸ ಮಾಡುವುದು ಆ ನಾಟಕದಲ್ಲಿ ಮಾತ್ರ ಇರಬೇಕು! ಸದ್ಗುಣಗಳ ಕೈಯಲ್ಲಿ ಕತ್ತಿ ಇಲ್ಲ, ಗುಲಾಬಿ ಹೂವು ಇವೆ. ಅದನ್ನೇ ಎಸೆಯುತ್ತಾರೆ. ಏಟು ತಿಂದ ಕೋಪ, ಶಿಲುಬೆಯ ಮೇಲೆ ಹರಿದ ಗುಲಾಬಿಯಿಂದ ನನ್ನ ಮೈಯೆಲ್ಲ ಕಪ್ಪುಗಟ್ಟಿತು ಎಂದು ಗೋಳಾಡುತ್ತದೆ. ಹರಿದ ಗುಲಾಬಿ ಅಂದರೆ ಕ್ರಿಸ್ತನ ಗಾಯಗೊಂಡ ದೇಹ. ಆರು ಪಾಪಗಳು ಸೋತು ಓಡುತ್ತವೆ.

ಏಳನೆಯದು ಹೊಡೆದಾಟಕ್ಕೆ ಬರುವುದೇ ಇಲ್ಲ. ದುರಾಸೆ ಕೋಟೆಯ ಕೆಳಗೆ ನಿಂತು ನಯವಾಗಿ ಮಾತಾಡುತ್ತದೆ. ಅಯ್ಯೋ, ಅಲ್ಲಿ ಯಾಕೆ ಕೂತಿದ್ದೀಯ, ಕೆಳಗೆ ಬಾ, ವಯಸ್ಸಾಯಿತು, ಕೈಯಲ್ಲಿ ನಾಲ್ಕು ಕಾಸು ಇಲ್ಲದಿದ್ದರೆ ಯಾರು ನೋಡಿಕೊಳ್ಳುತ್ತಾರೆ? ಅಷ್ಟರಲ್ಲಿ ಮನುಕುಲ ನಿಜವಾಗಿಯೂ ಮುದುಕನಾಗಿದ್ದಾನೆ. ಕೂದಲು ಬೆಳ್ಳಗಾಗಿದೆ, ಮೂಗು ತಣ್ಣಗಾಗಿ ಸೋರುತ್ತಿದೆ, ಹುಡುಗರ ಹಾಗೆ ಕುಣಿಯಲು ಆಗುತ್ತಿಲ್ಲ. ಅವನು ಕೆಳಗಿಳಿಯುತ್ತಾನೆ.

ಒಳ್ಳೆಯ ದೂತ ಗಾಬರಿಯಿಂದ, ಅವನನ್ನು ತಡೆಯಿರಿ ಎಂದು ಸದ್ಗುಣಗಳನ್ನು ಬೇಡುತ್ತಾನೆ. ವಿನಯ ಹೇಳುವ ಉತ್ತರ ಮಧ್ಯಯುಗದ ಕ್ರೈಸ್ತ ಬೋಧನೆಯ ತಿರುಳು: ದೇವರು ಅವನಿಗೆ ಸ್ವಂತ ಇಚ್ಛೆ ಕೊಟ್ಟಿದ್ದಾನೆ, ನಾವು ಹಿಡಿದು ನಿಲ್ಲಿಸುವ ಹಾಗಿಲ್ಲ. ಒಳಗಿದ್ದವನನ್ನು ಹಿಡಿದಿಡುವ ಚಿಲಕ ಕೋಟೆಗೆ ಇಲ್ಲ.

ದುರಾಸೆ ಅವನಿಗೆ 1,000 ಮಾರ್ಕ್ ಕೊಡುತ್ತದೆ. ಆ ಕಾಲದಲ್ಲಿ ಒಂದು ಮಾರ್ಕ್ ಎಂದರೆ ಪೌಂಡಿನ ಮೂರರಲ್ಲಿ ಎರಡು ಪಾಲು, ಹಾಗಾಗಿ ಸಣ್ಣ ಮೊತ್ತ ಅಲ್ಲ. ನೆಲದಲ್ಲಿ ಹೂತಿಡು, ಯಾರಿಗೂ ಕೊಡಬೇಡ. ಮನುಕುಲ ಒಪ್ಪುತ್ತಾನೆ. ಆಮೇಲೆ ಅವನ ಬಾಯಲ್ಲಿ ಒಂದೇ ಮಾತು: ಇನ್ನೂ, ಇನ್ನೂ. ಇಲ್ಲಿ ಕವಿಯ ಲೋಕಜ್ಞಾನ ಮೆಚ್ಚಬೇಕು. ಯೌವನದಲ್ಲಿ ಕಾಮ, ಕೋಪ ಕೆಡಿಸುತ್ತವೆ ಎಂದು ಎಲ್ಲರೂ ಹೇಳುತ್ತಾರೆ. ಈ ಕವಿ ಮುಪ್ಪಿನ ಪಾಪ ಬೇರೆ ಎಂದು ಕಂಡುಕೊಂಡಿದ್ದಾನೆ. ಅದು ಹುಟ್ಟುವುದು ಭಯದಿಂದ.

ನಂತರ ಎರಡನೆಯ ಈಟಿ ಬರುತ್ತದೆ, ಸಾವಿನದು. ಮಹಾಮಾರಿ ಬಂದಾಗ ನಾನು ಎಲ್ಲರಿಗೂ ಚೆನ್ನಾಗಿ ಪರಿಚಯವಾಗಿದ್ದೆ ಎಂದು ಸಾವು ತನ್ನ ಗುರುತು ಹೇಳಿಕೊಳ್ಳುತ್ತದೆ. 1348ರಲ್ಲಿ ಇಂಗ್ಲೆಂಡಿಗೆ ಬಂದ ಪ್ಲೇಗನ್ನು ಜನ ಇನ್ನೂ ಮರೆತಿರಲಿಲ್ಲ. ಮನುಕುಲ ಜಗತ್ತನ್ನು ಕರೆಯುತ್ತಾನೆ. ನಮ್ಮ ನಂಟು ಮುಗಿಯಿತು ಎನ್ನುತ್ತದೆ ಜಗತ್ತು, ಆಸ್ತಿ ವಶ ಮಾಡಿಕೊಳ್ಳಲು ಒಬ್ಬ ಹುಡುಗನನ್ನು ಕಳಿಸುತ್ತದೆ. ನಿನ್ನ ಹೆಸರೇನಪ್ಪ ಎಂದರೆ, 'ಯಾರೋ ನಾನರಿಯೆ' ಎಂಬುದೇ ನನ್ನ ಹೆಸರು ಎನ್ನುತ್ತಾನೆ ಆ ಹುಡುಗ. ಕೂಡಿಡುವವನು ಅದು ಯಾರ ಪಾಲಾಗುತ್ತದೋ ಅರಿಯನು ಎಂಬ ಬೈಬಲಿನ 39ನೇ ಕೀರ್ತನೆಯ ಮಾತು ಇಲ್ಲಿ ಕಾಲು ಬಂದು ಮನೆಯೊಳಗೆ ನಡೆದುಕೊಂಡು ಬಂದಿದೆ.

ಆಗ ಆ ಕೊನೆಯ ಮಾತು. ಕರುಣೆ.

ನಾಲ್ವರು ಅಕ್ಕತಂಗಿಯರ ವಾದ

ಮಂಚದ ಕೆಳಗಿಂದ ಆತ್ಮ ಎದ್ದು ಬರುತ್ತದೆ. ಸತ್ತ ದೇಹವನ್ನು ಬೈಯುತ್ತದೆ: ನೀನು ಮಾಡಿದ್ದಕ್ಕೆ ನಾನು ಉಣ್ಣಬೇಕು. ಒಳ್ಳೆಯ ದೂತನಿಗೆ ಏನೂ ಮಾಡಲು ಆಗುವುದಿಲ್ಲ. ಕೆಟ್ಟ ದೂತ ಆತ್ಮವನ್ನು ಬೆನ್ನ ಮೇಲೆ ಹೊತ್ತುಕೊಂಡು, ಬರುತ್ತೇನೆ ಸ್ವಾಮಿ, ನರಕಕ್ಕೆ ಹೊರಟೆ ಎಂಬಂತೆ ಪ್ರೇಕ್ಷಕರಿಗೆ ಹೇಳಿ ಹೊರಡುತ್ತಾನೆ. ಅಲ್ಲಿಗೇ ನಾಟಕ ಮುಗಿದಿದ್ದರೂ ಯಾರೂ ಆಕ್ಷೇಪ ಮಾಡುತ್ತಿರಲಿಲ್ಲ. ಪಾಪ ಮಾಡಿದ, ಹೋದ.

ಆದರೆ ಆ ಒಂದು ಮಾತನ್ನು ಯಾರೋ ಕೇಳಿಸಿಕೊಂಡಿದ್ದಾರೆ. ದೇವರಿಗೆ ನಾಲ್ವರು ಹೆಣ್ಣುಮಕ್ಕಳು. ಕರುಣೆ ಬಿಳಿ ಮೇಲುಹೊದಿಕೆಯಲ್ಲಿ, ನ್ಯಾಯ ಪೂರ್ತಿ ಕೆಂಪಿನಲ್ಲಿ, ಸತ್ಯ ಗಾಢ ಹಸಿರಿನಲ್ಲಿ, ಶಾಂತಿ ಕಪ್ಪಿನಲ್ಲಿ ಬರಬೇಕೆಂದು ನಕ್ಷೆಯಲ್ಲಿ ಬರೆದಿದೆ. ಕರುಣೆ ಅಂಗಳಕ್ಕೆ ಬಂದು, ನನ್ನ ಹೆಸರು ಹಿಡಿದು ಯಾರೋ ನರಳಿದ್ದು ಕೇಳಿಸಿತು ಎನ್ನುತ್ತಾಳೆ.

ನ್ಯಾಯ ಒಪ್ಪುವುದಿಲ್ಲ. ಅವನು ಕಾಸಿದ್ದನ್ನು ಅವನೇ ಕುಡಿಯಲಿ ಎನ್ನುತ್ತಾಳೆ. ನಮ್ಮಲ್ಲಿ ಮಾಡಿದ್ದುಣ್ಣೋ ಮಹಾರಾಯ ಅನ್ನುವುದಿಲ್ಲವೇ, ಥೇಟ್ ಅದೇ ಧಾಟಿ. ಸತ್ಯ ಅವಳ ಕಡೆ. ಶಾಂತಿ ಕರುಣೆಯ ಕಡೆ. ಇಬ್ಬರಿಗೆ ಇಬ್ಬರು, ತೀರ್ಮಾನ ಆಗುವುದಿಲ್ಲ. ಅಪ್ಪನ ಹತ್ತಿರವೇ ಹೋಗೋಣ ಎಂದು ಶಾಂತಿ ಹೇಳುತ್ತಾಳೆ. ನಾಲ್ವರೂ ಪೂರ್ವದ ಅಟ್ಟಕ್ಕೆ ಹತ್ತುತ್ತಾರೆ.

ಅಲ್ಲಿ ಎದುರು ಪಕ್ಷ ಇಡುವ ವಾದ ಬಹಳ ಗಟ್ಟಿ. ಪಾಪನಿವೇದನೆಯನ್ನು ಕರೆದದ್ದು ತೀರಾ ತಡವಾಗಿ. ಪಶ್ಚಾತ್ತಾಪ ಪಟ್ಟದ್ದು ತೀರಾ ಸ್ವಲ್ಪ. ಪರಿಹಾರ ಸಲ್ಲಿಸಿದ್ದಂತೂ ಇಲ್ಲವೇ ಇಲ್ಲ. ಇದು ಸುಮ್ನೆ ಬೈಗುಳ ಅಲ್ಲ, ಕಾನೂನಿನ ಮಾತು. ಆ ಕಾಲದ ಚರ್ಚಿನ ಬೋಧನೆಯಲ್ಲಿ ಪ್ರಾಯಶ್ಚಿತ್ತಕ್ಕೆ ಮೂರು ಭಾಗ. ಮನಸ್ಸಿನಲ್ಲಿ ನಿಜವಾದ ದುಃಖ, ಪಾದ್ರಿಯ ಮುಂದೆ ಬಾಯಿಬಿಟ್ಟು ಹೇಳುವುದು, ಆಮೇಲೆ ಉಪವಾಸ, ದಾನ, ಪ್ರಾರ್ಥನೆಯ ಮೂಲಕ ಸಾಲ ತೀರಿಸುವುದು. ಮೂರನ್ನೂ ಒಂದೊಂದಾಗಿ ತೆಗೆದುಕೊಂಡು, ಮೂರರಲ್ಲೂ ಈತ ತಪ್ಪಿದ್ದಾನೆ ಎಂದು ತೋರಿಸುತ್ತಾರೆ. ಮೇಲಿಂದ ಇನ್ನೊಂದು ಪ್ರಶ್ನೆ ಕಾದಿರುತ್ತದೆ: ಇಂಥವನನ್ನೇ ಬಿಟ್ಟರೆ, ಕೊನೆಗೊಮ್ಮೆ ಕರುಣೆ ಎಂದರಾಯಿತು ಎಂದು ಎಲ್ಲರೂ ಪಾಪ ಮಾಡಲು ಹೊರಡುವುದಿಲ್ಲವೇ?

ನಿಜ ಹೇಳಬೇಕೆಂದರೆ, ಈ ಭಾಗವನ್ನು ಮೊದಲ ಸಲ ಓದಿದಾಗ ನಾನು ನ್ಯಾಯ ಮತ್ತು ಸತ್ಯದ ಕಡೆಗಿದ್ದೆ. ಈಗಲೂ ಅವರು ಹೇಳುವ ಒಂದು ಸಂಗತಿಯೂ ಸುಳ್ಳು ಎಂದು ನನಗೆ ಅನ್ನಿಸಿಲ್ಲ. ಕರುಣೆಯೂ ಸುಳ್ಳು ಎನ್ನುವುದಿಲ್ಲ. ಇದನ್ನು ಗಮನಿಸಬೇಕು. ಮನುಕುಲ ಒಳ್ಳೆಯವನು ಎಂದು ಅವಳು ಒಂದು ಕಡೆಯೂ ವಾದಿಸುವುದಿಲ್ಲ. ಅವನ ಗುಣಗಾನ ಮಾಡಿ ಗೆಲ್ಲಲು ಹೋಗುವುದಿಲ್ಲ. ಅವಳು ಬೇರೆಯದೇ ಪುಟ ತೆರೆಯುತ್ತಾಳೆ: ಕ್ರಿಸ್ತನು ಶಿಲುಬೆಯ ಮೇಲೆ ಸುರಿಸಿದ ರಕ್ತದ ಅತಿ ಸಣ್ಣ ಹನಿಯೊಂದೇ ಮನುಕುಲದ ಎಲ್ಲ ಕೆಲಸಕ್ಕೂ ಪರಿಹಾರವಾಗಿ ಸಾಕು.

ಅವಳು ಬಳಸುವ 'ಪರಿಹಾರ' ಎಂಬ ಮಾತನ್ನು ಹಿಡಿದುಕೊಳ್ಳಿ. ಎದುರು ಪಕ್ಷ ಇಲ್ಲವೇ ಇಲ್ಲ ಎಂದದ್ದು ಅದನ್ನೇ, ಮೂಲದಲ್ಲೂ ಎರಡೂ ಕಡೆ ಅದೇ ಶಬ್ದ. ಸಾಲಗಾರ ಸಾಲ ತೀರಿಸಿಲ್ಲ, ಒಪ್ಪಿದೆ. ಆದರೆ ಅವನ ಹೆಸರಿನಲ್ಲಿ ಇನ್ನೊಬ್ಬರು ಯಾವತ್ತೋ ಕಟ್ಟಿದ್ದಾರೆ, ರಸೀದಿ ಇಲ್ಲಿದೆ. ಇಡೀ ಮೊಕದ್ದಮೆ ತಿರುಗುವುದು ಈ ಒಂದು ಕೀಲಿನ ಮೇಲೆ. ಕ್ರೈಸ್ತ ಧರ್ಮ ರಕ್ಷಣೆ ಎನ್ನುವುದು ಇದನ್ನೇ. ಮನುಷ್ಯನ ಲೆಕ್ಕಪುಸ್ತಕ ಮಾತ್ರ ನೋಡಿದರೆ ನ್ಯಾಯ ಗೆಲ್ಲುತ್ತಾಳೆ. ಶಿಲುಬೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಕರುಣೆ ಗೆಲ್ಲುತ್ತಾಳೆ. ಆ ನಂಬಿಕೆ ಇಲ್ಲದವರಿಗೆ ತೀರ್ಪು ಪಕ್ಷಪಾತ ಎನ್ನಿಸಿದರೆ ಆಶ್ಚರ್ಯ ಇಲ್ಲ.

ಹಾಗಾದರೆ ಸತ್ತವನ ಆ ಮಾತಿಗೆ ಬೆಲೆ ಏನು? ನನಗೆ ತೋಚುವುದು ಇಷ್ಟು. ಆ ಮಾತು ಸಾಲ ತೀರಿಸಲಿಲ್ಲ. ಆದರೆ ಕೇಳಿದ್ದು ಅವನೇ. ಕೋಟೆಯಿಂದ ಇಳಿಯುವಾಗ ಯಾರೂ ಅವನನ್ನು ಬಲವಂತವಾಗಿ ತಡೆಯಲಿಲ್ಲ, ಸ್ವಂತ ಇಚ್ಛೆ ಎಂದರು. ಅದೇ ಸ್ವಂತ ಇಚ್ಛೆ ಕೊನೆಯ ಗಳಿಗೆಯಲ್ಲಿ ಇನ್ನೊಂದು ಕಡೆ ತಿರುಗಿತು. ಅವನು ಸುಮ್ಮನೆ ಸತ್ತಿದ್ದರೆ ಕರುಣೆಗೆ ಕೇಳಿಸಿಕೊಳ್ಳಲು ಏನೂ ಇರುತ್ತಿರಲಿಲ್ಲ.

ದೇವರು ತೀರ್ಪು ಕೊಡುತ್ತಾನೆ. ನಾನು ಯೋಚಿಸುವುದು ಶಾಂತಿಯ ಯೋಚನೆಯೇ ಹೊರತು ಕೇಡಿನದಲ್ಲ ಎಂಬ, ಬೈಬಲಿನ ಪ್ರವಾದಿ ಯೆರೆಮೀಯನ ಮಾತಿನಿಂದ ಶುರು ಮಾಡುತ್ತಾನೆ. ಸಮುದ್ರಕ್ಕೆ ಬಿದ್ದ ಬೆಂಕಿಯ ಕಿಡಿಯ ಹಾಗೆ ಪಾಪ ನನ್ನ ಕರುಣೆಯಲ್ಲಿ ಆರಿಹೋಗುತ್ತದೆ ಎನ್ನುತ್ತಾನೆ. ಹೋಗಿ ಆ ಪಿಶಾಚಿಯ ಕೈಯಿಂದ ಅವನನ್ನು ಬಿಡಿಸಿಕೊಂಡು ಬನ್ನಿ ಎಂದು ಕಳಿಸುವುದು ಕರುಣೆಯೊಬ್ಬಳನ್ನೇ ಅಲ್ಲ, ನಾಲ್ವರನ್ನೂ. ಸೋತ ನ್ಯಾಯವೂ ಸತ್ಯವೂ ಹೋಗಿ ಅವನನ್ನು ಕರೆತರಬೇಕು. ಮನುಕುಲ ದೇವರ ಬಲಗಡೆ ಕೂರುತ್ತಾನೆ.

ಹಳೆಯ ಕಥೆ, ಹೊಸ ಜಾಗ

ಈ ನಾಲ್ವರನ್ನು ನಮ್ಮ ಕವಿ ಹುಟ್ಟಿಸಲಿಲ್ಲ. ಬೈಬಲಿನ 85ನೇ ಕೀರ್ತನೆಯಲ್ಲಿ ಒಂದು ಸಾಲು ಇದೆ. ಕರುಣೆಯೂ ಸತ್ಯವೂ ಎದುರುಗೊಂಡವು, ನ್ಯಾಯವೂ ಶಾಂತಿಯೂ ಮುತ್ತಿಟ್ಟುಕೊಂಡವು ಎಂಬ ಅರ್ಥದ್ದು. ಮುತ್ತಿಟ್ಟುಕೊಂಡರು ಎಂದರೆ ಅದಕ್ಕೆ ಮುಂಚೆ ಜಗಳ ಆಡಿರಬೇಕಲ್ವಾ? 12ನೇ ಶತಮಾನದಲ್ಲಿ ಕ್ಲೇರ್‌ವೋ ಮಠದ ಬರ್ನಾರ್ಡ್ ತನ್ನ ಪ್ರವಚನವೊಂದರಲ್ಲಿ ಆ ಜಗಳವನ್ನು ಬೆಳೆಸಿದ. 13ನೇ ಶತಮಾನದಲ್ಲಿ ಲಿಂಕನ್ನಿನ ಬಿಷಪ್ ರಾಬರ್ಟ್ ಗ್ರೋಸ್‌ಟೆಸ್ಟ್ ಫ್ರೆಂಚ್ ಕಾವ್ಯದಲ್ಲಿ ತಂದ.

ಅವರೆಲ್ಲರಲ್ಲೂ ಈ ವಾದ ನಡೆಯುವುದು ಕ್ರಿಸ್ತ ಹುಟ್ಟುವ ಮುಂಚೆ. ಆದಾಮ ತಪ್ಪು ಮಾಡಿದ, ಈಗ ಏನು ಮಾಡೋಣ ಎಂದು ಸ್ವರ್ಗದಲ್ಲಿ ಚರ್ಚೆ. ಕೊನೆಗೆ ದೇವರ ಮಗನೇ ಮನುಷ್ಯನಾಗಿ ಬರುವುದು ಎಂದು ತೀರ್ಮಾನ. ನಮ್ಮ ಕವಿ ಮಾಡಿದ ಕೆಲಸ ಜಾಗ ಬದಲಿಸಿದ್ದು. ಚರ್ಚೆಯನ್ನು ಎತ್ತಿ ತಂದು ಒಬ್ಬ ಮುದುಕನ ಮಂಚದ ಪಕ್ಕ ಇಟ್ಟ. ಹಾಗೆ ಇಟ್ಟ ಕೂಡಲೇ ಅದು ಪ್ರತಿಯೊಬ್ಬ ಪ್ರೇಕ್ಷಕನ ಸ್ವಂತ ಮೊಕದ್ದಮೆ ಆಯಿತು.

ಕನ್ನಡದ ಓದುಗರಿಗೆ ಇಷ್ಟರಲ್ಲಿ ಅಜಾಮಿಳ ನೆನಪಾಗಿರಬೇಕು. ಭಾಗವತದ ಆ ಕಥೆಯಲ್ಲೂ ಕೆಟ್ಟದಾಗಿ ಬದುಕಿದ ಮನುಷ್ಯ, ಸಾಯುವಾಗ ಒಂದು ಮಾತು, ಆಮೇಲೆ ಯಮದೂತರಿಗೂ ವಿಷ್ಣುದೂತರಿಗೂ ವಾದ. ಎರಡಕ್ಕೂ ನಂಟು ಇದೆ ಎಂದು ನಾನು ಹೇಳುತ್ತಿಲ್ಲ. ವ್ಯತ್ಯಾಸವೇ ರುಚಿ. ಅಜಾಮಿಳ ಕರೆದದ್ದು ಮಗನನ್ನು. ಅವನಿಗೆ ದೇವರ ನೆನಪೇ ಇರಲಿಲ್ಲ, ಆದರೂ ನಾರಾಯಣ ಎಂಬ ಹೆಸರಿಗೆ ಅದರದ್ದೇ ಬಲ ಇತ್ತು. ಮನುಕುಲನ ಮಾತಿಗೆ ಅಂಥ ಮಂತ್ರಬಲ ಇಲ್ಲ. ಅದು ಬೇಡಿಕೆ. ಬೇಡಿಕೆಯನ್ನು ತಳ್ಳಿಹಾಕಲೂ ಬಹುದಿತ್ತು. ಹಾಗಾಗಿಯೇ ಅಷ್ಟು ಉದ್ದ ವಾದ.

'ಎವ್ರಿಮ್ಯಾನ್' ನಾಟಕದ ಜೊತೆ ಇಟ್ಟರೆ ಇನ್ನೊಂದು ಕಾಣುತ್ತದೆ. ಅಲ್ಲಿ ಸಾಯುವವನ ಜೊತೆ ಸಮಾಧಿಗೆ ಇಳಿಯುವುದು ಅವನ ಸತ್ಕಾರ್ಯ ಒಂದೇ. ಅವನಿಗೆ ಪಾಪನಿವೇದನೆಗೆ ಸಮಯ ಸಿಗುತ್ತದೆ, ಪಾದ್ರಿಯ ಕೈಯಿಂದ ಅಂತಿಮ ಸಂಸ್ಕಾರವೂ ಸಿಗುತ್ತದೆ. ಎಲ್ಲ ಕ್ರಮಬದ್ಧ. ಮನುಕುಲನಿಗೆ ಇದ್ಯಾವುದೂ ಇಲ್ಲ, ಜೊತೆಗೆ ಬರಲು ಒಂದು ಸತ್ಕಾರ್ಯವೂ ಇಲ್ಲ. ಎರಡೂ ನಾಟಕ ಒಂದೇ ಚರ್ಚಿನ ನೆರಳಿನಲ್ಲಿ ಹುಟ್ಟಿದವು. ಒಂದು ನಿಯಮ ಹೇಳಿತು. ಇನ್ನೊಂದು, ನಿಯಮ ತಪ್ಪಿದವನ ಗತಿ ಏನು ಎಂದು ಕೇಳಿತು.

ತೀರ್ಪಿನ ಆಚೆ

ಕ್ಷಮೆ ಕೊಟ್ಟ ದೇವರು ಅಲ್ಲಿಗೇ ಮಾತು ನಿಲ್ಲಿಸುವುದಿಲ್ಲ. ಪ್ರೇಕ್ಷಕರ ಕಡೆ ತಿರುಗುತ್ತಾನೆ. ರಾಜರಿಂದ ಹಿಡಿದು ಎಲ್ಲರೂ ಒಂದು ದಿನ ನನಗೆ ಲೆಕ್ಕ ಕೊಡಬೇಕು, ಒಳ್ಳೆಯದು ಮಾಡಿದವರು ಸ್ವರ್ಗಕ್ಕೆ, ಕೆಟ್ಟದ್ದು ಮಾಡಿದವರು ನರಕಕ್ಕೆ, ಎನ್ನುತ್ತಾನೆ. ಈಗತಾನೇ ಕೆಟ್ಟದ್ದು ಮಾಡಿದ ಒಬ್ಬನನ್ನು ಬಲಗಡೆ ಕೂರಿಸಿಕೊಂಡಿದ್ದಾನೆ, ಗಮನಿಸಿ! ಇದು ಕವಿಯ ಎಡವಟ್ಟು ಎಂದು ನನಗೆ ಅನ್ನಿಸುವುದಿಲ್ಲ. ಈ ತೀರ್ಪನ್ನು ಮುಂದಿನ ಮೊಕದ್ದಮೆಗಳಿಗೆ ಆಧಾರವಾಗಿ ತೋರಿಸಬೇಡಿ ಎಂದು ನ್ಯಾಯಾಧೀಶರು ಕೆಲವು ಸಲ ಬರೆಯುತ್ತಾರಲ್ಲ, ಆ ಥರ. ಹತಾಶೆ ಪಾಪ, ಹೇಗೂ ಕ್ಷಮೆ ಸಿಗುತ್ತದೆ ಎಂಬ ಭಂಡಧೈರ್ಯವೂ ಪಾಪ ಎಂದು ಚರ್ಚು ಹೇಳುತ್ತಿತ್ತು. ತೀರ್ಪು ಮೊದಲನೆಯದಕ್ಕೆ ಮದ್ದು, ಕೊನೆಯ ಭಾಷಣ ಎರಡನೆಯದಕ್ಕೆ.

ಆಮೇಲೆ ದೇವರ ವೇಷದ ನಟ, ನಮ್ಮ ಆಟ ಇಲ್ಲಿಗೆ ಮುಗಿಯಿತು, ಶುರುವಿನಲ್ಲೇ ಕೊನೆಯನ್ನು ನೆನೆಯಿರಿ ಎಂದು ಹೇಳಿ ದೇವರ ಸ್ತುತಿಗೀತೆಗೆ ಕರೆ ಕೊಡುತ್ತಾನೆ.

ಇನ್ನೊಂದು ಕಾಗದ ಈ ಕಡತದಲ್ಲಿ ಉಳಿದಿದೆ. ಆಟಕ್ಕೆ ಒಂದು ವಾರ ಮುಂಚೆ ಬಾವುಟ ಹಿಡಿದ ಇಬ್ಬರು ಊರಿಗೆ ಬಂದು ಡಂಗುರ ಸಾರುತ್ತಿದ್ದರು. ಅವರು ಹೇಳಬೇಕಾದ ಪದ್ಯಗಳು ಹಸ್ತಪ್ರತಿಯಲ್ಲೇ ಇವೆ. ಅದರಲ್ಲಿ ಇಡೀ ಕಥೆಯ ಸಾರಾಂಶ ಇದೆ, ಆದರೆ ಕೊನೆ ಬೇರೆ! ಅಲ್ಲಿ ನಾಲ್ವರು ಅಕ್ಕತಂಗಿಯರ ಸುದ್ದಿಯೇ ಇಲ್ಲ. ಮಾತೆ ಮರಿಯಮ್ಮ ಮನಸ್ಸು ಮಾಡಿ ಅವನಿಗಾಗಿ ಬೇಡಿಕೊಂಡರೆ ನರಕ ತಪ್ಪುತ್ತದೆ, ಅವನು ಸ್ವರ್ಗಕ್ಕೆ ಮುಂಚೆ ಪಾಪ ತೊಳೆಯುವ ಶುದ್ಧೀಕರಣ ಸ್ಥಳದಲ್ಲಿ ಕಹಿ ಉಣ್ಣುತ್ತಾನೆ ಎಂಬಂತೆ ಇದೆ. ನಾಟಕದಲ್ಲಿ ದೇವರ ಬಲಗಡೆಗೆ ಏರಿದವನು ಡಂಗುರದಲ್ಲಿ ಇನ್ನೂ ಶಿಕ್ಷೆ ಅನುಭವಿಸುತ್ತಿದ್ದಾನೆ. ಒಂದೇ ಪ್ರತಿಯಲ್ಲಿ ಎರಡು ತೀರ್ಪು. ಯಾರೋ ಒಬ್ಬರು ಕೊನೆಯನ್ನು ತಿದ್ದಿರಬೇಕು ಎಂದು ಹಲವು ವಿದ್ವಾಂಸರು ಊಹಿಸುತ್ತಾರೆ. ನನಗೂ ಹಾಗೇ ಅನ್ನಿಸುತ್ತದೆ. ಮರಿಯಮ್ಮನ ಕೃಪೆಯಿಂದ ಬಚಾವಾಗುವ ಪಾಪಿಗಳ ಕಥೆ ಆಗಿನ ಯೂರೋಪಿನ ಊರೂರಲ್ಲೂ ಇದ್ದವು. ಅದನ್ನು ತೆಗೆದು ಅಷ್ಟು ಕಷ್ಟದ ವಾದವನ್ನು ಇಟ್ಟವರಿಗೆ, ಮಾಫಿ ಸಿಕ್ಕಿತು ಎಂಬುದಕ್ಕಿಂತ ಯಾವ ಆಧಾರದ ಮೇಲೆ ಸಿಕ್ಕಿತು ಎಂಬುದೇ ಮುಖ್ಯವಾಗಿತ್ತು.

ಮುಂದಿನ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಧರ್ಮಸುಧಾರಣೆ ಬಂತು. ಶುದ್ಧೀಕರಣ ಸ್ಥಳವೂ ಹೋಯಿತು, ಮರಿಯಮ್ಮನ ಮೊರೆಯೂ ಹೋಯಿತು, ಪಾದ್ರಿಯ ಮುಂದೆ ಪಾಪ ಹೇಳಲೇಬೇಕೆಂಬ ಕಟ್ಟಳೆಯೂ ಸಡಿಲವಾಯಿತು. ಕೋಟೆಯ ನಾಟಕ ಬಯಲಿನಿಂದ ಮರೆಯಾಯಿತು. 1979ರಲ್ಲಿ ಟೊರೊಂಟೊದಲ್ಲಿ ಅದನ್ನು ಮತ್ತೆ ಬಯಲಿನಲ್ಲೇ ಆಡಿದರು.

ಡಂಗುರದ ಪದ್ಯದಲ್ಲಿ ಆಟ ನಡೆಯುವ ಊರಿನ ಹೆಸರು ಬರಬೇಕಾದ ಜಾಗವನ್ನು ಖಾಲಿ ಬಿಟ್ಟಿದ್ದಾರೆ. ಹೋದ ಊರಿನ ಹೆಸರನ್ನು ಅಲ್ಲಿ ಹಾಕಿಕೊಂಡು ಹೇಳುವುದು. ಇಂದಿಗೆ ಏಳನೇ ದಿನ, ಬೆಳಿಗ್ಗೆ, ಈ ಊರ ಹಸಿರು ಬಯಲಲ್ಲಿ ಆಟ ಇದೆ, ಬನ್ನಿ ಎಂದು ಕರೆದು, ಕಹಳೆ ಊದಿಸಿಕೊಂಡು, ಬಾವುಟದವರು ಮುಂದಿನ ಊರಿಗೆ ಹೊರಡುತ್ತಿದ್ದರು.